ಹೊರೆ ಇಳಿಸಿ ಹೊರೆ ಏರಿಸಿದ ಊರುಗಳು

ನಮ್ಮ ನಾಡಿನಲ್ಲಿ ಒಂದು ಊರಿನ ಪೂರ್ವೋತ್ತರವನ್ನು ವಿಚಾರಿಸಹೊರಟವನಿಗೆ ದೊರೆಯುವ ಸಾಧನಗಳು ಬಹುಮಟ್ಟಿಗೆ ಒಂದೇ ಬಗೆಯವು: ಒಂದು ಕೆರೆ, ಒಂದು ಕೋಟೆ, ಒಂದು ದೇವಾಲಯ, ಅದರ ಮುಂದೆ ನೆಟ್ಟ ಒಂದು ಶಾಸನ. ಕಡೂರು, ಅಜ್ಜಂಪುರ, ತರೀಕೆರೆಗಳ ಸೀಮೆಯಲ್ಲಿಯೂ ಈ ಸಾಧನಗಳಿಗೆ ಬರಗಾಲವಿಲ್ಲ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯ ಇಂದಿಗೂ ತನ್ನ ಕಂಬಗಳ ನುಣುಪಿನಿಂದ ನೋಡುವವರ ಕಣ್ಣನ್ನು ತಣಿಸುತ್ತಿದೆ. ತರೀಕೆರೆಯ ಪಾಳೆಯಗಾರರ ಮನೆತನ 1830ರ ನಗರದ ದಂಗೆಯಲ್ಲಿ ಸೇರಿ ಮೈಸೂರಿನ ರಾಜಕೀಯವನ್ನೇ ಅಲುಗಿಸಿದ ಸಂಗತಿ ಚರಿತ್ರೆಯನ್ನೋದಿದವರಿಗೆಲ್ಲ ತಿಳಿದದ್ದು. ಆದರೆ ಈ ಮೂರೂ ಊರುಗಳ ಇಂದಿನ ರೂಪವನ್ನು, ಅವುಗಳ ಪೇಟೆಬೀದಿಗಳು ಮುಖಮಾಡಿರುವ ದಿಕ್ಕನ್ನು, ಅವುಗಳ ಏಳುಬೀಳುಗಳನ್ನು ನಿಶ್ಚಯಿಸಿದ್ದು ಶಾಸನವೂ ಅಲ್ಲ, ಕೋಟೆಯೂ ಅಲ್ಲ. ಕಳೆದ ನೂರಿಪ್ಪತ್ತಕ್ಕೂ ಹೆಚ್ಚಿನ ವರ್ಷಗಳಿಂದ ಊರಂಚಿನಲ್ಲಿ ನಿಂತಿರುವ, ಯಾವ ಚರಿತ್ರಕಾರನೂ ಹೆಚ್ಚಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳದ, ರೈಲುನಿಲ್ದಾಣ.

ಈ ಸೀಮೆಯ ಭೂಸ್ಥಿತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಅದರಾಚೆಗೆ ಭದ್ರೆಯ ಕಣಿವೆ ಮತ್ತು ಮಲೆನಾಡಿನ ದಟ್ಟಡವಿ. ಪೂರ್ವಕ್ಕೆ ವೇದಾವತಿಯ ಕಡೆಗೆ ಇಳಿಯುತ್ತ ಹೋಗುವ, ಮಳೆಗೆ ಬಾಯ್ದೆರೆದು ಕಾಯುವ ಬಯಲು. ಒಂದು ಕಡೆ ಅಡಕೆ, ಮೆಣಸು, ಏಲಕ್ಕಿ, ಕಾಫಿ, ಮರಮುಟ್ಟು. ಇನ್ನೊಂದು ಕಡೆ ರಾಗಿ, ಜೋಳ, ಎಣ್ಣೆಕಾಳು, ತೆಂಗು, ದನಕರು. ಒಂದರ ಸಮೃದ್ಧಿ ಇನ್ನೊಂದರ ಕೊರತೆಯಾದ್ದರಿಂದ ಇವೆರಡರ ನಡುವಣ ವಿನಿಮಯ ಅನಾದಿಯಾದುದು. ಆ ವಿನಿಮಯ ನಡೆಯುವ ಅಂಚಿನ ಮೇಲೆ ಕುಳಿತ ಊರುಗಳು ಇವು. ಮಲೆಯ ಕಿರುದಾರಿಗಳಲ್ಲಿ ಹೇರೆತ್ತುಗಳು ತಂದ ಸರಕು ಇಲ್ಲಿ ಗಾಡಿಗೆ ಏರುತ್ತಿತ್ತು; ಗಾಡಿ ತಂದ ಧಾನ್ಯ ಇಲ್ಲಿ ಹೇರೆತ್ತುಗಳ ಬೆನ್ನಿಗೆ ಏರುತ್ತಿತ್ತು. ಒಂದು ವಾಹನದಿಂದ ಇನ್ನೊಂದು ವಾಹನಕ್ಕೆ ಹೊರೆ ಬದಲಾಗುವ ಸ್ಥಳದಲ್ಲಿ ಕೂಲಿಯವನಿಗೆ ಕೆಲಸ, ದಲ್ಲಾಳಿಗೆ ಲಾಭ, ಛತ್ರಕ್ಕೆ ಅತಿಥಿ, ಅಂಗಡಿಗೆ ಗಿರಾಕಿ. ಹೊರೆ ನಿಲ್ಲದೆ ಸಾಗಿಹೋಗುವ ಸ್ಥಳದಲ್ಲಿ ಉಳಿಯುವುದು ದಾರಿಯ ಧೂಳು ಮಾತ್ರ. ಈ ಮೂರು ನಿಲ್ದಾಣಗಳ ಕಥೆಯಲ್ಲಿ ನಾವು ಕಾಣುವುದು ಈ ಒಂದೇ ಸೂತ್ರವನ್ನು.

ರೈಲುದಾರಿ ಈ ಕಡೆಗೆ ಬಂದುದು ವೈಭವದ ಕಾಲದಲ್ಲಿ ಅಲ್ಲ, ಒಂದು ಘೋರವಾದ ವಿಪತ್ತಿನ ಬೆನ್ನಹಿಂದೆ. 1864ರಲ್ಲಿಯೇ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿನವರೆಗೆ ಮದರಾಸು ಕಂಪೆನಿಯ ಅಗಲ ಹಳಿಯ ರೈಲು ಬಂದಿದ್ದಿತು. ಆದರೆ ಅಲ್ಲಿಂದೀಚೆಗೆ ಮೈಸೂರು ಸೀಮೆಯ ಒಳನಾಡಿಗೆಲ್ಲ ಎತ್ತಿನ ಗಾಡಿಯೇ ಗತಿ. 1876ರಿಂದ 1878ರವರೆಗೆ ನಾಡನ್ನು ಹಿಂಡಿದ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಈ ವ್ಯವಸ್ಥೆಯ ದೌರ್ಬಲ್ಯ ಬಯಲಿಗೆ ಬಿತ್ತು. ಹೊರಗಿನಿಂದ ತರಿಸಿದ ಧಾನ್ಯ ರೈಲಿನಲ್ಲಿ ಬೆಂಗಳೂರನ್ನು ಮುಟ್ಟಿದರೂ, ಅದನ್ನು ಹಳ್ಳಿಗಳಿಗೆ ಹೊತ್ತೊಯ್ಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ತಾವೇ ಬೀಳುತ್ತಿದ್ದುವು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿದ್ದಿತು. ಅದೇ 1881ರಲ್ಲಿ ಬ್ರಿಟಿಷರಿಂದ ಒಡೆಯರ ಮನೆತನಕ್ಕೆ ಮರಳಿದ ರಾಜ್ಯದ ಮೊದಲ ದಿವಾನರಾದ ರಂಗಾಚಾರ್ಲು ಅವರಿಗೂ, 1883ರಲ್ಲಿ ಅವರ ಸ್ಥಾನಕ್ಕೆ ಬಂದ ಶೇಷಾದ್ರಿ ಅಯ್ಯರ್ ಅವರಿಗೂ ರೈಲುಮಾರ್ಗ ಒಂದು ಅಲಂಕಾರದ ವಸ್ತುವಾಗಿ ಕಾಣಲಿಲ್ಲ. ಪ್ರಜೆಗಳ ಪ್ರಾಣರಕ್ಷಣೆಯ ಉಪಾಯವಾಗಿ ಕಂಡಿತು.

ಹಳಿಯ ಅಗಲ 5 ಅಡಿ 6 ಅಂಗುಲವಾದರೆ ವೆಚ್ಚ ಹೆಚ್ಚು. 3 ಅಡಿ 3 ಅಂಗುಲಕ್ಕೆ ತುಸು ಮೇಲಾದ ಮೀಟರ್ ಗೇಜಾದರೆ ಸೇತುವೆ ಕಿರಿದು, ಏರಿ ಕಿರಿದು, ತಿರುವು ಬಿಗಿಯಾಗಿದ್ದರೂ ಸಲ್ಲುತ್ತದೆ. ಬಡ ಸಂಸ್ಥಾನ ಕಿರಿದಾದುದನ್ನೇ ಆರಿಸಿಕೊಂಡಿತು. ಬೆಂಗಳೂರು-ಮೈಸೂರು ಮಾರ್ಗ 1882ರ ವೇಳೆಗೆ ಪೂರ್ಣವಾಯಿತು. ವಾಯವ್ಯ ದಿಕ್ಕಿಗೆ ಹೊರಟ ಇನ್ನೊಂದು ಕವಲು 1884ರಲ್ಲಿ ತುಮಕೂರನ್ನು ತಲಪಿತು. ಆಮೇಲೆ ಖಜಾನೆಯ ಶಕ್ತಿ ಸಾಲದಾಗಿ, ದಕ್ಷಿಣ ಮರಾಠಾ ಪ್ರಾಂತದ ಕ್ಷಾಮನಿವಾರಣೆಗೆಂದೇ 1882ರಲ್ಲಿ ಸ್ಥಾಪಿತವಾಗಿದ್ದ ಸದರ್ನ್ ಮರಾಠಾ ರೈಲ್ವೆ ಕಂಪೆನಿಗೆ 1886ರಲ್ಲಿ ಕೆಲಸವನ್ನೊಪ್ಪಿಸಬೇಕಾಯಿತು. ಗುಬ್ಬಿಯಿಂದಾಚೆಗೆ ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ಅಜ್ಜಂಪುರಗಳನ್ನು ಪೋಣಿಸುತ್ತ ದಾರಿ 1889ರಲ್ಲಿ ಹರಿಹರವನ್ನು ಸೇರಿತು. ಅಲ್ಲಿ ತುಂಗಭದ್ರೆಯನ್ನು ದಾಟಿದರೆ ಹುಬ್ಬಳ್ಳಿ, ಧಾರವಾಡ, ಪುಣೆ. ಕಡೂರಿನ ರೈತ ಬೆಳೆದ ಕಾಳಿಗೆ ಆ ವರ್ಷದಿಂದ ಮುಂಬಯಿಯ ಬೆಲೆಯೂ ಒಂದು ವಿಚಾರವಾಯಿತು.

ಇಲ್ಲಿ ಕಡೂರಿನ ಅದೃಷ್ಟವನ್ನು ಕುರಿತು ಒಂದು ಮಾತು ಹೇಳಬೇಕು. ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿ 1863ರಲ್ಲಿ ಏರ್ಪಟ್ಟ ಜಿಲ್ಲೆಗೆ ಕಡೂರೆಂಬ ಹೆಸರೇ ಸಂದಿತ್ತು. ಅದರ ಮುಖ್ಯಸ್ಥಳವೂ ಕಡೂರೇ ಆಗಿದ್ದಿತು. ಆದರೆ ಎರಡೇ ವರ್ಷಗಳಲ್ಲಿ, 1865ರಲ್ಲಿ, ಕಚೇರಿಗಳು ಗಿರಿಗಳ ಬುಡದ ಚಿಕ್ಕಮಗಳೂರಿಗೆ ಹೊರಟುಹೋದುವು. ಹೆಸರು ಮಾತ್ರ 1947ರವರೆಗೆ ‘ಕಡೂರು ಜಿಲ್ಲೆ’ಯಾಗಿಯೇ ಉಳಿಯಿತು. ಹೀಗೆ ಅಧಿಕಾರವನ್ನು ಕಳೆದುಕೊಂಡ ಊರಿಗೆ ಕಾಲು ಶತಮಾನದ ಅನಂತರ ರೈಲು ಬಂದಿತು. ಅಧಿಕಾರವನ್ನು ಪಡೆದ ಊರಿಗೆ ಬರಲಿಲ್ಲ. ಬೆಂಗಳೂರಿನಿಂದ ಹರಿಹರಕ್ಕೆ ನೇರವಾಗಿ ಹೋಗಬೇಕಾದ ದಾರಿ ಸಮತಟ್ಟಾದ ಬಯಲನ್ನು ಬಿಟ್ಟು ಬೆಟ್ಟದ ಕಡೆಗೆ ವಾಲುವುದಕ್ಕೆ ಕಾರಣವಿರಲಿಲ್ಲ. ಆದುದರಿಂದ ಜಿಲ್ಲೆಯ ಮುಖ್ಯಸ್ಥಳಕ್ಕೆ ಹೋಗತಕ್ಕ ಅಧಿಕಾರಿ, ವಕೀಲ, ಕಕ್ಷಿಗಾರ, ಕಾಫಿತೋಟದ ದೊರೆ, ತೋಟದ ಕೂಲಿ, ಎಲ್ಲರೂ ಕಡೂರಿನಲ್ಲಿ ಇಳಿದು, ಸಖರಾಯಪಟ್ಟಣದ ಮೇಲಿನ ಸುಮಾರು 25 ಮೈಲಿಯ ರಸ್ತೆಯನ್ನು ಗಾಡಿಯಲ್ಲಿಯೋ, ಜಟಕಾದಲ್ಲಿಯೋ, ಮುಂದೆ ಮೋಟಾರು ಬಸ್ಸಿನಲ್ಲಿಯೋ ಕ್ರಮಿಸಬೇಕಾಯಿತು. ಗಿರಿಯ ಕಾಫಿಯಲ್ಲಿ ದೊಡ್ಡ ಪಾಲು ಘಟ್ಟವಿಳಿದು ಮಂಗಳೂರಿನ ಕಡೆಗೆ ಹೋಗುತ್ತಿದ್ದರೂ, ಪೂರ್ವಾಭಿಮುಖವಾದ ಸರಕಿಗೆಲ್ಲ ಕಡೂರೇ ಹೆಬ್ಬಾಗಿಲು. ತನ್ನದಲ್ಲದ ಊರಿನ ಬಾಗಿಲನ್ನು ಕಾಯುವ ಈ ದ್ವಾರಪಾಲಕತ್ವದಿಂದ ಕಡೂರಿನ ಪೇಟೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿತು.

ಕಡೂರಿನಿಂದ ನಾಲ್ಕೇ ಮೈಲಿ ಮುಂದೆ ಬೀರೂರು. ಮಲೆನಾಡಿನ ಕವಲುದಾರಿ ಹೊರಡುವ ಸ್ಥಳವೆಂದು ರೈಲಿನವರು ಬೀರೂರನ್ನು ಆರಿಸಿದ್ದರಿಂದ, ತಾಲ್ಲೂಕು ಕಚೇರಿಯುಳ್ಳ ಕಡೂರಿಗಿಂತ ಕಚೇರಿಯಿಲ್ಲದ ಬೀರೂರು ವ್ಯಾಪಾರದಲ್ಲಿ ಮುಂದಾಯಿತು. ಅಡಕೆ, ಕೊಬ್ಬರಿ, ಮೆಣಸುಗಳ ಮಂಡಿಗಳು ಅಲ್ಲಿ ನೆಲೆಯೂರಿದುವು. ಸರ್ಕಾರದ ಮುದ್ರೆ ಬಿದ್ದ ಊರು ಒಂದು, ಸರಕಿನ ತೂಕ ಬಿದ್ದ ಊರು ಇನ್ನೊಂದು ಎಂಬ ಈ ಭೇದವನ್ನು ಉಂಟುಮಾಡಿದುದು ಎರಡು ಹಳಿಗಳು ಕವಲೊಡೆದ ಒಂದು ಸಣ್ಣ ಬಿಂದು ಮಾತ್ರ.

ಅಜ್ಜಂಪುರದ ಸ್ಥಿತಿ ಬೇರೆ. ಅದು ಕವಲಿನ ಊರಲ್ಲ; ನೇರದಾರಿಯ ಮೇಲಿನ ನಿಲ್ದಾಣ. ಸುತ್ತಮುತ್ತ ಕಪ್ಪುಮಣ್ಣಿನ ಹೊಲ, ಹುಲ್ಲುಗಾವಲು, ಅಮೃತಮಹಲಿನ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲು’ ಎಂಬ ಹೆಸರನ್ನು ಪಡೆದ ಆ ಇಲಾಖೆಯ ಎತ್ತುಗಳು ಮೈಸೂರಿನ ಸೈನ್ಯದ ಫಿರಂಗಿಗಳನ್ನೂ ಸಾಮಗ್ರಿಯನ್ನೂ ಎಳೆದುಕೊಂಡು, ಕುದುರೆಯೂ ಬೆರಗಾಗುವ ವೇಗದಲ್ಲಿ ನಡೆದುವೆಂದು ಪ್ರಸಿದ್ಧಿ. ನಾಡಿನ ಅತ್ಯಂತ ಶೀಘ್ರಗಾಮಿಯಾದ ಎತ್ತು ಹುಟ್ಟಿ ಬೆಳೆದ ಕಾವಲಿನ ನಡುವೆಯೇ ಎತ್ತಿನ ಯುಗವನ್ನು ಮುಗಿಸತಕ್ಕ ಉಗಿಬಂಡಿ ಹಾದುಹೋದದ್ದು ಚರಿತ್ರೆಯ ಒಂದು ವಿನೋದ. ಆದರೂ ಎತ್ತು ಸೋಲಲಿಲ್ಲ. ನಿಲ್ದಾಣದವರೆಗೆ ಸರಕನ್ನು ತರುವ ಕೆಲಸ ಅದಕ್ಕೇ ಉಳಿದು, ರೈಲು ಬಂದ ಮೇಲೆ ಗಾಡಿಗಳ ಸಂಖ್ಯೆ ಕುಗ್ಗುವ ಬದಲು ಹಿಗ್ಗಿತು. 1929ರಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರ ಅಜ್ಜಂಪುರದಲ್ಲಿಯೇ ಸ್ಥಾಪಿತವಾಯಿತು. ಅದು ಇಂದಿಗೂ ಇದೆ.

ಇಂಥ ನೇರದಾರಿಯ ನಿಲ್ದಾಣದ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತಿದ್ದಿತು. ಒಳಗೆ ನಿಂತು ನೋಡಿದವರಿಗೆ ಅದರ ಸೂಕ್ಷ್ಮ ತಿಳಿಯುತ್ತಿತ್ತು. ಇದ್ದುದು ಒಂಟಿ ಹಳಿ; ಎದುರುಬದುರಾಗಿ ಬರುವ ಎರಡು ಗಾಡಿಗಳಲ್ಲಿ ಒಂದು ನಿಲ್ದಾಣದ ಪಕ್ಕದ ಹಳಿಗೆ ಸರಿದು ನಿಲ್ಲಬೇಕು. ಮುಂದಿನ ನಿಲ್ದಾಣದವರೆಗೆ ದಾರಿ ತೆರವಾಗಿದೆಯೆಂಬುದಕ್ಕೆ ಸಾಕ್ಷಿ, ಕಬ್ಬಿಣದ ಯಂತ್ರದೊಳಗಿಂದ ಮಾಸ್ತರರು ಹೊರತೆಗೆಯುವ ಒಂದು ಲೋಹದ ಗುಂಡು. ಎರಡು ನಿಲ್ದಾಣಗಳ ಮಾಸ್ತರರು ಒಪ್ಪಿದ ಹೊರತು ಯಂತ್ರ ಗುಂಡನ್ನು ಬಿಟ್ಟುಕೊಡದು. ಚರ್ಮದ ಚೀಲದಲ್ಲಿ ಅದನ್ನಿಟ್ಟು, ಬೆತ್ತದ ದೊಡ್ಡ ಬಳೆಗೆ ಕಟ್ಟಿ ಕೊಟ್ಟರೆ, ಡ್ರೈವರು ಅದನ್ನು ತೋಳಿಗೆ ಸಿಕ್ಕಿಸಿಕೊಂಡ ಮೇಲೆಯೇ ಗಾಡಿ ಮುಂದೆ ಹೋಗಬಹುದು. ಕೈಮರಕ್ಕೆ ಸಂಜೆ ಎಣ್ಣೆಯ ದೀಪವನ್ನೇರಿಸುವವನು, ಹಳಿಯ ಕವಲನ್ನು ತಿರುಗಿಸುವ ಪಾಯಿಂಟ್ಸ್‌ಮನ್, ಸುತ್ತಿಗೆ ಹಿಡಿದು ತನ್ನ ಪಾಲಿನ ಹಳಿಯನ್ನು ನಿತ್ಯವೂ ನಡೆದು ಪರೀಕ್ಷಿಸುವ ಗ್ಯಾಂಗ್‌ಮನ್, ಈ ಮೂವರ ಜಾಗರೂಕತೆಯ ಮೇಲೆ ನೂರಾರು ಜನರ ನಿದ್ರೆ ನಿಂತಿದ್ದಿತು. ಗಡಿಯಾರವಿಲ್ಲದ ಹಳ್ಳಿಗಳಿಗೆ ರೈಲೇ ಗಡಿಯಾರವೂ ಆಯಿತು. ನೇಗಿಲು ಬಿಡುವ ಹೊತ್ತನ್ನು ನೆರಳಿನಿಂದ ಅಳೆಯುತ್ತಿದ್ದವರು ಗಾಡಿಯ ಕೂಗಿನಿಂದ ಅಳೆಯತೊಡಗಿದರು.

ರೈಲು ತಂದುದೆಲ್ಲ ಮಂಗಳವೇ ಎಂದು ಹೇಳುವಂತಿಲ್ಲ. ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ, ಹುಬ್ಬಳ್ಳಿಗಳ ಕಡೆಯಿಂದ ಇದೇ ಹಳಿಯ ಜಾಡನ್ನು ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಕ್ಷಾಮಕಾಲದಲ್ಲಿ ಅನ್ನವನ್ನು ತರಲೆಂದು ಹಾಕಿದ ದಾರಿ ಹತ್ತೇ ವರ್ಷಗಳೊಳಗೆ ಮೃತ್ಯುವನ್ನೂ ಹೊತ್ತು ತಂದಿತು. ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುವುದು, ಊರನ್ನು ಖಾಲಿ ಮಾಡಿಸಿ ಹೊಲಗಳಲ್ಲಿ ಗುಡಿಸಲು ಹಾಕಿಸುವುದು, ಇವೆಲ್ಲ ಆ ಕಾಲದ ಜನರ ನೆನಪಿನಲ್ಲಿ ಬಹುಕಾಲ ನಿಂತ ಸಂಗತಿಗಳು. ಹೊರೆಯನ್ನು ಹೊರುವ ದಾರಿಗೆ ಹೊರೆಯ ಗುಣದೋಷಗಳ ವಿವೇಚನೆಯಿಲ್ಲ. ಆ ವಿವೇಚನೆ ಮನುಷ್ಯನ ಪಾಲಿಗೆ ಬಿಟ್ಟದ್ದು.

ತರೀಕೆರೆಗೆ ರೈಲು ಬಂದುದು ಹತ್ತು ವರ್ಷ ತಡವಾಗಿ. ಚಾಮರಾಜ ಒಡೆಯರು 1894ರಲ್ಲಿ ಅಕಾಲದಲ್ಲಿ ತೀರಿಕೊಂಡು, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯವನ್ನು ನಡೆಸುತ್ತಿದ್ದ ಕಾಲದಲ್ಲಿ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗೆಗೆ 38 ಮೈಲಿಗಳ ಕವಲುದಾರಿ ತೆರೆಯಿತು. ಬಯಲಿನಿಂದ ಹೊರಟು, ಗಿರಿಗಳ ತಪ್ಪಲನ್ನು ಎಡಕ್ಕಿಟ್ಟುಕೊಂಡು ತರೀಕೆರೆಯನ್ನು ಹಾದು, ಅಂದು ಬೆಂಕಿಪುರವೆನಿಸಿದ್ದ ಇಂದಿನ ಭದ್ರಾವತಿಯಲ್ಲಿ ಭದ್ರೆಯನ್ನು ದಾಟಿ ತುಂಗಾತೀರವನ್ನು ಸೇರುವ ಈ ದಾರಿ ಮಲೆನಾಡಿಗೆ ಹಾಕಿದ ಮೊದಲ ಕಬ್ಬಿಣದ ಮೆಟ್ಟಿಲು. ಅದೇ ದಾರಿ ಮುಂದೆ ಶಿವಮೊಗ್ಗೆಯಿಂದ ಅರಸಾಳು, ಆನಂದಪುರ, ಸಾಗರಗಳ ಮೇಲೆ ಬೆಳೆದು 1940ರಲ್ಲಿ ಜೋಗದ ನೆರೆಯ ತಾಳಗುಪ್ಪವನ್ನು ಮುಟ್ಟಿತು. ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಚಿತ್ರಿಸಿದ ಅರಸಾಳು ನಿಲ್ದಾಣ ಇಂದು ಯಾತ್ರಾಸ್ಥಳವಾಗಿದೆ; ಕಲ್ಪನೆಯ ಊರಿನ ನಿಲ್ದಾಣಕ್ಕೆ ದೊರೆತ ಈ ಮನ್ನಣೆ ಅದೇ ದಾರಿಯ ನಿಜವಾದ ಊರುಗಳಿಗೆ ಇನ್ನೂ ದೊರೆತಿಲ್ಲ.

ತರೀಕೆರೆಯ ವೈಶಿಷ್ಟ್ಯ ಅಲ್ಲಿಗೆ ರೈಲು ಬಂದು ಒಂದು ದಶಕ ಕಳೆದ ಮೇಲೆ ಕಾಣಿಸಿಕೊಂಡಿತು. ಭದ್ರೆಯ ಕಣಿವೆಯ ತೇಗ, ಹೊನ್ನೆ, ಬೀಟೆ, ಮತ್ತಿ, ನಂದಿಮರಗಳನ್ನು ಹೊರತರುವುದಕ್ಕೂ, ಮಲೆಯ ಒಳಗಿನ ಅಡಕೆ, ಕಾಫಿಗಳಿಗೆ ದಾರಿಮಾಡುವುದಕ್ಕೂ, 1910ರ ದಶಕದಲ್ಲಿ ಸಂಸ್ಥಾನ ತರೀಕೆರೆಯಿಂದ ಕಾಡಿನೊಳಕ್ಕೆ ಎರಡೇ ಅಡಿ ಅಗಲದ ಕಿರುರೈಲನ್ನು ಹಾಕಿಸಿತು. ಅದರ ಕೊನೆಯ ನಿಲ್ದಾಣ, ಹಿಂದೆ ಎಡೇಹಳ್ಳಿಯೆನಿಸಿ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಧರಿಸಿದ ನರಸಿಂಹರಾಜಪುರ. ಜನ ಅದನ್ನು ‘ಟ್ರಾಂ’ ಎಂದೇ ಕರೆದರು. ಮೀಟರ್ ಗೇಜಿನ ದೊಡ್ಡ ಗಾಡಿಗೂ ಎರಡಡಿಯ ಪುಟ್ಟ ಗಾಡಿಗೂ ತರೀಕೆರೆಯಲ್ಲಿ ಭೇಟಿ. ಹಳಿಗಳ ಅಗಲ ಬೇರೆಯಾದುದರಿಂದ ಒಂದರ ಡಬ್ಬಿ ಇನ್ನೊಂದರ ಮೇಲೆ ಓಡುವಂತಿಲ್ಲ. ಪ್ರತಿಯೊಂದು ದಿಮ್ಮಿಯನ್ನೂ, ಪ್ರತಿಯೊಂದು ಮೂಟೆಯನ್ನೂ ಇಳಿಸಿ ಏರಿಸಬೇಕು. ಲೆಕ್ಕಿಗನ ದೃಷ್ಟಿಯಲ್ಲಿ ಇದು ನಷ್ಟ. ತರೀಕೆರೆಯ ದೃಷ್ಟಿಯಲ್ಲಿ ಇದೇ ಜೀವನ. ಹಮಾಲರು, ಗಾಡಿಯವರು, ಮರದ ಗುತ್ತಿಗೆದಾರರು, ಹೋಟೆಲಿನವರು, ದಲ್ಲಾಳಿಗಳು, ಅರಣ್ಯ ಇಲಾಖೆಯ ಗುಮಾಸ್ತರು, ಇವರೆಲ್ಲರ ಅನ್ನಕ್ಕೆ ಮೂಲ ಹಳಿಗಳ ಅಗಲಕ್ಕಿದ್ದ ಸುಮಾರು 15 ಅಂಗುಲಗಳ ಅಂತರ.

ಇದೇ ಬೀರೂರು-ಶಿವಮೊಗ್ಗ ದಾರಿ ಇಲ್ಲದಿದ್ದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅಲ್ಲಿ ನಿಲ್ಲುತ್ತಿರಲಿಲ್ಲ. ಅದಿರು, ಸೌದೆಯ ಕಾಡು, ನದಿಯ ನೀರು, ರೈಲು, ಈ ನಾಲ್ಕೂ ಒಂದೆಡೆ ಸೇರಿದ ಸ್ಥಳವೆಂದು ಬೆಂಕಿಪುರವನ್ನು ಆರಿಸಿ ವಿಶ್ವೇಶ್ವರಯ್ಯನವರು ರೂಪಿಸಿದ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯತೊಡಗಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕುಲುಮೆಗೆ ಮರದ ಇದ್ದಲೇ ಆಹಾರ; ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ನೆತ್ತಿಯಿಂದ ತೂಗುದಾರಿಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಕಿರುರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿದ್ದಿತು. ಆ ಕಾಲದ ತರೀಕೆರೆ ಸೀಮೆಯನ್ನು ಮೇಲಿನಿಂದ ನೋಡಿದವನಿಗೆ ಆಕಾಶದಲ್ಲೊಂದು ತಂತಿಯ ದಾರಿ, ನೆಲದಲ್ಲಿ ಎರಡು ಬಗೆಯ ಹಳಿ, ನಡುವೆ ಎತ್ತಿನ ಗಾಡಿಗಳ ಸಾಲು, ಇವೆಲ್ಲ ಒಂದೇ ನೋಟದಲ್ಲಿ ಕಾಣುತ್ತಿದ್ದಿರಬೇಕು.

ಮಾಲೀಕತ್ವದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1908ರಲ್ಲಿ ಮದರಾಸು ಕಂಪೆನಿಯೂ ಮರಾಠಾ ಕಂಪೆನಿಯೂ ಒಂದಾದುವು. 1919ರಲ್ಲಿ ಶಿವಮೊಗ್ಗದ ಕವಲನ್ನೂ, 1938ರಲ್ಲಿ ಬೆಂಗಳೂರು-ಹರಿಹರದ ನೇರದಾರಿಯನ್ನೂ ಸಂಸ್ಥಾನ ಕಂಪೆನಿಯ ಕೈಯಿಂದ ಬಿಡಿಸಿಕೊಂಡಿತು. ಸ್ವಾತಂತ್ರ್ಯಾನಂತರ 1951ರಲ್ಲಿ ಎಲ್ಲವೂ ದಕ್ಷಿಣ ರೈಲ್ವೆಯಲ್ಲಿ ವಿಲೀನವಾದುವು. 2003ರಿಂದ ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ನೈಋತ್ಯ ರೈಲ್ವೆಗೆ ಸೇರಿದುವು. ಫಲಕದ ಮೇಲಿನ ಹೆಸರು ಹೀಗೆ ಮತ್ತೆ ಮತ್ತೆ ಬದಲಾದರೂ ಊರಿನ ಬಾಳು ಅದರಿಂದ ಅಷ್ಟಾಗಿ ಬದಲಾಗಲಿಲ್ಲ. ಬದಲಾದುದು ಬೇರೆ ಎರಡು ಕಾರಣಗಳಿಂದ.

ಮೊದಲನೆಯದು ನೀರು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಡ್ಡಲಾಗಿ 1947ರಲ್ಲಿ ಆರಂಭವಾದ ಅಣೆಕಟ್ಟಿನ ಹಿನ್ನೀರು ಕಣಿವೆಯ ಹಳ್ಳಿಗಳನ್ನೂ ಗದ್ದೆಗಳನ್ನೂ ಮುಳುಗಿಸಿದಂತೆ ನರಸಿಂಹರಾಜಪುರದ ಟ್ರಾಂ ದಾರಿಯನ್ನೂ ನುಂಗಿತು. ತರೀಕೆರೆಯ ಎರಡನೆಯ ಹಳಿ ಹೀಗೆ ಕಣ್ಮರೆಯಾಯಿತು. ಆದರೆ ಅದೇ ಭದ್ರೆಯ ನೀರು ಕಾಲುವೆಗಳಲ್ಲಿ ಹರಿದು ಕೆಳಗಿನ ಬಯಲಿಗೆ ಭತ್ತವನ್ನೂ ಅಡಕೆಯನ್ನೂ ಕೊಟ್ಟಿತು. ಒಂದು ಊರಿನ ನಷ್ಟವನ್ನು ಇನ್ನೊಂದು ಸೀಮೆಯ ಲಾಭದೊಡನೆ ತೂಗುವ ಕಷ್ಟದ ಲೆಕ್ಕ ಇದು. ಎರಡನೆಯ ಕಾರಣ ಲಾರಿ. ತೋಟದ ಬಾಗಿಲಲ್ಲಿ ತುಂಬಿದ ಮೂಟೆಯನ್ನು ಕೊಳ್ಳುವವನ ಬಾಗಿಲಲ್ಲಿಯೇ ಇಳಿಸುವ ವಾಹನ ಬಂದ ಮೇಲೆ ಮಧ್ಯದಲ್ಲಿ ಹೊರೆ ಬದಲಿಸುವ ಪ್ರಮೇಯವೇ ಉಳಿಯಲಿಲ್ಲ. 1990ರ ದಶಕದಲ್ಲಿ ಮೀಟರ್ ಗೇಜನ್ನು ಕಿತ್ತು ಅಗಲ ಹಳಿಯನ್ನು ಹಾಕಿದಾಗ ಗಾಡಿಗಳ ವೇಗ ಹೆಚ್ಚಿತು. ನಿಲ್ಲುವ ಹೊತ್ತು ಕಡಮೆಯಾಯಿತು. 2013ರ ನವೆಂಬರಿನಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ 46 ಕಿಲೋಮೀಟರುಗಳ ಹೊಸ ದಾರಿ ತೆರೆದು, ಜಿಲ್ಲೆಯ ಮುಖ್ಯಸ್ಥಳ ಕಟ್ಟಕಡೆಗೆ ರೈಲನ್ನು ಕಂಡಿತು. ಕಡೂರಿಗೆ ಜಂಕ್ಷನ್ ಎಂಬ ಬಿರುದು ಬಂದಿತು. ಬೀರೂರಿಗೆ ಅದು 1899ರಲ್ಲಿ ಬಂದಾಗ ಬಿರುದಿನೊಡನೆ ಮಂಡಿಗಳೂ ಬಂದಿದ್ದುವು. ಕಡೂರಿಗೆ ಬಂದಾಗ ಬಿರುದು ಮಾತ್ರ ಬಂದಿತು. ಹಳಿಯ ಅಗಲ ಒಂದೇ ಆಗಿ, ಗಾಡಿ ನೇರವಾಗಿ ಹೋಗುವಾಗ, ಕವಲಿನ ಊರಿನಲ್ಲಿ ಇಳಿಯಬೇಕಾದ ಅಗತ್ಯ ಯಾರಿಗೆ?

ಇದನ್ನು ಹೇಳುವುದರಿಂದ ಹಳೆಯದನ್ನು ಹಂಬಲಿಸಬೇಕೆಂದು ಅರ್ಥವಲ್ಲ. ಬೆನ್ನಿನ ಮೇಲೆ ದಿಮ್ಮಿಯನ್ನು ಹೊತ್ತ ಹಮಾಲನ ಆಯಾಸವನ್ನು ನೆನೆದವರು ಹೊರೆಯ ಬದಲಾವಣೆ ತಪ್ಪಿದುದಕ್ಕೆ ದುಃಖಿಸಲಾರರು. ಗಾಡಿಯಲ್ಲಿ ರಾತ್ರಿಯೆಲ್ಲ ಕುಲುಕಿ ಚಿಕ್ಕಮಗಳೂರನ್ನು ಸೇರುತ್ತಿದ್ದ ರೋಗಿಯ ಸಂಕಟವನ್ನು ನೆನೆದವರು ಹೊಸ ದಾರಿಯನ್ನು ಹಳಿಯಲಾರರು. ನಮಗೆ ಬೇಕಾದುದು ಹಂಬಲವಲ್ಲ, ದಾಖಲೆ. ಅಮೃತಾಪುರದ ಶಾಸನವನ್ನು ಅಕ್ಷರಬಿಡದೆ ಓದಿ ಅಚ್ಚುಹಾಕಿಸಿದ ನಾವು, ಮಲೆನಾಡಿನ ವಾಣಿಜ್ಯವನ್ನೇ ತಿರುಗಿಸಿದ ಕಿರುರೈಲಿನ ಬಗ್ಗೆ ತಾಲ್ಲೂಕಿನ ಚರಿತ್ರೆಗಳಲ್ಲಿ ಒಂದೆರಡು ಸಾಲುಗಳಿಗಿಂತ ಹೆಚ್ಚು ಬರೆದಿಲ್ಲ. ಅದರಲ್ಲಿ ಬಾಲ್ಯದಲ್ಲಿ ಪಯಣಮಾಡಿದವರು ಇಂದು ಎಂಬತ್ತರ ಆಚೀಚೆಗಿದ್ದಾರೆ. ಮಂಡಿಗಳ ಹಳೆಯ ಲೆಕ್ಕದ ಪುಸ್ತಕಗಳು ಅಟ್ಟಗಳ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ತರೀಕೆರೆ, ಕಡೂರು, ಅಜ್ಜಂಪುರಗಳ ಶಾಲೆ ಕಾಲೇಜುಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಈ ವೃದ್ಧರ ಬಳಿಗೂ ಆ ಅಟ್ಟಗಳ ಬಳಿಗೂ ಕಳುಹಿಸಿ, ಕೇಳಿದುದನ್ನೂ ಕಂಡುದನ್ನೂ ಬರೆದಿಡಿಸಿದರೆ, ಅದು ಒಂದು ತಾಲ್ಲೂಕಿನ ಚರಿತ್ರೆಗೆ ಯಾವ ಶಾಸನಕ್ಕೂ ಕಡಮೆಯಿಲ್ಲದ ಆಧಾರವಾದೀತು; ಆ ಕೆಲಸಕ್ಕೆ ಉಳಿದಿರುವ ಕಾಲ ಮಾತ್ರ ಬಹಳವಿಲ್ಲ.